ನನ್ನ ಹೆಸರಿನಲ್ಲಿ ಮುಗಿದ ಕೆಲಸ

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಹತ್ತೂವರೆಗೆ ನಮ್ಮ ಮಿಸ್ತ್ರಿ ಕಾಕಾನ ಫೋನ್ ಬಂತು. ಹತ್ತೂವರೆ ಎಂದು ಬರೆದೆ. ಆಮೇಲೆ ಫೋನಿನಲ್ಲಿ ನೋಡಿದರೆ ಹತ್ತು ಹನ್ನೆರಡು ಇತ್ತು. ಈ ಬರಹದಲ್ಲಿ ನನ್ನ ನೆನಪನ್ನು ಎಷ್ಟು ನಂಬಬೇಕೆಂಬುದಕ್ಕೆ ಇದೊಂದು ಅಳತೆ.

“ಸರ, ಕಾರಟಗಿ ಬಾಯ್ಲರಿನ ಸೇಫ್ಟಿ ವಾಲ್ ಕೆಲಸ ಮುಗಿದೈತಿ ಅಂತ ಫೋನಿನ್ಯಾಗ ತೋರ್ಸಾಕತ್ತೈತಿ. ವಾಲ್ ನೋಡಿದ್ರ ನನ್ನ ಚೀಲದಾಗ ಐತಿ. ನಿಮ್ಮ ಕಂಪ್ಯೂಟರ್ ತಾನ ಹೋಗಿ ಹಾಕಿ ಬಂತೇನ್ರಿ?”

ಕಾಕಾ ನಗುತ್ತಿದ್ದರು. ಅಂದು ಕಾರಟಗಿಗೆ ಹೋಗಬೇಕಾದವರು ಅವರೇ. ಕೆಲಸ ಮುಗಿದಿದೆ ಎಂದು ಕಂಡದ್ದರಿಂದ ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಗೆ ಹೋಗಿ ಯಾರದೋ ಬೇಳೆ ಮಷೀನು ಬಿಚ್ಚಿಕೊಂಡು ಕೂತಿದ್ದರು. ನಾನು ನಗಲಿಲ್ಲ.

ಯಾಕೆಂದು ಹೇಳಬೇಕು. ಗಂಗಾವತಿಯಲ್ಲಿ ಮಿಲ್ ಯಂತ್ರಗಳ ರಿಪೇರಿ ಮಾಡಿಸುವ ಒಂದು ಸಣ್ಣ ಕಚೇರಿಯಲ್ಲಿ ನನ್ನ ಕೆಲಸ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆಯಿಂದ ಬರುವ ಕಂಪ್ಲೇಂಟುಗಳು ಒಂದು ಹಳೆಯ ಸಾಫ್ಟ್‌ವೇರಿನಲ್ಲಿ ದಾಖಲಾಗುತ್ತಿದ್ದವು. ಅದನ್ನು ತೆರೆದು ನೋಡುತ್ತಿದ್ದವನು ನಾನೊಬ್ಬನೇ. ಮಿಸ್ತ್ರಿಗಳೆಲ್ಲ ತಮ್ಮ ಫೋನಿನಲ್ಲೇ ನೋಡಲಿ ಎಂದು ತಂಡಕ್ಕೆಂದು ಒಂದು ಆ್ಯಪ್ ತಂದೆವು. ಎರಡನ್ನೂ ನಾನೇ ಜೋಡಿಸಿದೆ: ಒಂದರಲ್ಲಾದ ಬದಲಾವಣೆ ಹತ್ತು ನಿಮಿಷಕ್ಕೊಮ್ಮೆ ಇನ್ನೊಂದಕ್ಕೆ ತಾನಾಗಿ ಹೋಗುತ್ತದೆ. ಸಿಂಕ್ ಎನ್ನುತ್ತೇವೆ. ಕಂಪ್ಲೇಂಟು ‘ಮುಗಿದಿದೆ’ ಆದ ಕೂಡಲೇ ಮಿಲ್ ಮಾಲೀಕರಿಗೊಂದು ಮೆಸೇಜು: ನಿಮ್ಮ ಯಂತ್ರ ಸರಿಯಾಗಿದೆ, ಚಾಲೂ ಮಾಡಬಹುದು. ಆ ಮೆಸೇಜು ಇರಲಿ ಎಂದವನೂ ನಾನೇ.

ಸೇಫ್ಟಿ ವಾಲ್ವ್ ಎಂದರೆ ಬಾಯ್ಲರಿನಲ್ಲಿ ಹಬೆಯ ಒತ್ತಡ ಮಿತಿ ಮೀರಿದಾಗ ತಾನೇ ತೆರೆದು ಹೊರಗೆ ಬಿಡುವ ಸಾಧನ. ಕಾರಟಗಿಯ ಆ ಅಕ್ಕಿ ಮಿಲ್ಲಿನಲ್ಲಿ ಅದು ಬಿಗಿದು ಹಿಡಿದುಕೊಂಡಿತ್ತು. ತೆರೆಯದಿದ್ದರೆ ಬಾಯ್ಲರ್ ಸಿಡಿಯಬಹುದು. ಅದರ ಬಾಯಿಗೆ ಉರಿಯಲು ಭತ್ತದ ಹೊಟ್ಟು ಹಾಕುತ್ತ ನಿಲ್ಲುವವನು ಆಪರೇಟರ್, ನನ್ನಷ್ಟೇ ವಯಸ್ಸಿನವನು. ಅಮಾವಾಸ್ಯೆಗೆ ಮಿಲ್ಲುಗಳು ಬಂದ್. ಯಂತ್ರಗಳಿಗೆ ಕಾಯಿ ಒಡೆದು ಸುಮ್ಮನೆ ಬಿಡುತ್ತಾರೆ. ನಾನು ಬಹಳ ಸಲ ಗೇಲಿ ಮಾಡಿದ ಆಚಾರವಿದು. ಮರುದಿನ ಬೆಳಿಗ್ಗೆ ಎಲ್ಲ ಬಾಯ್ಲರುಗಳಿಗೂ ಒಟ್ಟಿಗೇ ಬೆಂಕಿ ಬೀಳುತ್ತದೆ. ಅಂದರೆ ಈಗ.

ಪಟ್ಟಿ ತೆರೆದೆ. ಮುಗಿದಿದೆ. ನಿನ್ನೆ ಹನ್ನೊಂದು ಇಪ್ಪತ್ತು. ಮುಗಿಸಿದವರು: ನನ್ನ ಹೆಸರು.

ನಿನ್ನೆ ಹನ್ನೊಂದು ಇಪ್ಪತ್ತಕ್ಕೆ ನಾನು ಎರಡೆರಡು ಸಲ ಬಂದಿದ್ದ ಕಂಪ್ಲೇಂಟುಗಳನ್ನು ತೆಗೆಯುತ್ತಿದ್ದೆ. ಅದೇ ಮಿಲ್ಲಿನ ಅದೇ ಬಾಯ್ಲರಿನ ಹೆಸರಿನಲ್ಲೂ ಎರಡಿದ್ದವು. ಒಂದು ಹೋದ ಸುಗ್ಗಿಯದು, ಆಗಲೇ ಸರಿ ಮಾಡಿದ್ದು, ಪಟ್ಟಿಯಲ್ಲಿ ಮಾತ್ರ ಉಳಿದಿದ್ದು. ಇನ್ನೊಂದು ಈಗಿನದು. ಹಳೆಯದಕ್ಕೆ ‘ಮುಗಿದಿದೆ’ ಎಂದು ಹಾಕಿದ್ದು ನೆನಪಿದೆ. ಬೆರಳು ಒತ್ತಿದ್ದು ನೆನಪಿದೆ. ಯಾವುದರ ಮೇಲೆ ಒತ್ತಿತು ಎಂಬುದು ಮಾತ್ರ ನೆನಪಿಸಿಕೊಂಡಷ್ಟೂ ಬದಲಾಗುತ್ತಿತ್ತು. ಸಿಂಕ್ ಎರಡನ್ನೂ ಒಂದೇ ಎಂದು ತಿಳಿದು ಮುಗಿಸಿರಲೂಬಹುದು. ಆದರೆ ಅದಕ್ಕೆ ನಾನು ಕೊಟ್ಟಿದ್ದು ನನ್ನದೇ ಲಾಗಿನ್. ಅದು ಮಾಡಿದ್ದೆಲ್ಲ ನನ್ನ ಹೆಸರಿನಲ್ಲೇ ಬೀಳುತ್ತಿತ್ತು.

ಕಾರಟಗಿಯ ಮಾಲೀಕರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ವಾಲ್ವ್ ತಗೊಂಡು ಹೊರಡಿ ಎಂದು ಕಾಕಾಗೆ ಹೇಳಿ ಬೈಕ್ ಹತ್ತಿದೆ. ಶ್ರೀರಾಮನಗರ ದಾಟುವಾಗ ಕಂಡ ಚಿಮಣಿಗಳಲ್ಲೆಲ್ಲ ಹೊಗೆ. ವಿಶ್ವವಿದ್ಯಾಲಯದಲ್ಲಿ ಸಂಭವನೀಯತೆ ಓದಿದವನು ನಾನು. ವಾಲ್ವ್ ಹಿಡಿದ ಮಾತ್ರಕ್ಕೆ ಬಾಯ್ಲರ್ ಸಿಡಿಯಬೇಕೆಂದಿಲ್ಲ, ಒತ್ತಡ ಮಿತಿ ಮೀರಬೇಕು, ಆಪರೇಟರ್ ಗೇಜ್ ನೋಡದೆ ಇರಬೇಕು ಎಂದು ತರ್ಕಿಸುತ್ತಲೇ ಹೋದೆ. ತರ್ಕ ಸರಿಯಾಗಿಯೇ ಇತ್ತು. ಬೈಕನ್ನು ಮಾತ್ರ ಎಲ್ಲೂ ನಿಧಾನ ಮಾಡಲಿಲ್ಲ.

ಮಿಲ್ಲಿನ ಗೇಟಿಗೆ ಬಂದಾಗ ಬಾಯ್ಲರ್ ಇದ್ದ ಕಡೆಯಿಂದ ದಟ್ಟ ಹೊಗೆ ಏಳುತ್ತಿತ್ತು.

ಮುಂದಿನದನ್ನು ಕಚೇರಿಯಲ್ಲಿ ನಾನು ಹೀಗೆ ಹೇಳಿದ್ದೇನೆ: ಒಳಗೆ ಓಡಿದೆ, ಬೆಂಕಿ ತೆಗೀರಿ ಎಂದು ಕೂಗಿದೆ. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಆಪರೇಟರ್ ಹೇಳುವುದೇ ಬೇರೆ. ನಾನು ಗೇಟಿನ ಕಂಬ ಹಿಡಿದು ನಿಂತಿದ್ದೆನಂತೆ. ಬಾಯಿ ತೆರೆದಿತ್ತಂತೆ, ದನಿ ಇರಲಿಲ್ಲವಂತೆ. ಅವನೇ ಕರೆದನಂತೆ: “ಯಾಕ್ರಿ ಸರ, ಅಲ್ಲೇ ನಿಂತ್ರಿ? ಬರ್ರಿ ಒಳಗ. ಸಿಡಿಯಂಗಿಲ್ಲ, ಬರ್ರಿ.”

ಹೊಗೆ ಬರುತ್ತಿದ್ದದ್ದು ಅವನು ಹೊರಗೆಳೆದು ನೀರು ಸುರಿದಿದ್ದ ಹೊಟ್ಟಿನ ರಾಶಿಯಿಂದ. ಅಮಾವಾಸ್ಯೆಯ ದಿನ ಮಾಲೀಕರೂ ಇರಲಿಲ್ಲ, ಅವನೂ ಇರಲಿಲ್ಲ. ಮೆಸೇಜು ನೋಡಿದ ಮಾಲೀಕರು, ಮಿಸ್ತ್ರಿ ಬಂದು ಹೋಗಿರಬೇಕೆಂದು ತಿಳಿದು, ಬೆಳಿಗ್ಗೆ ಬೆಂಕಿ ಹಾಕಿಸಿದ್ದರು. ಹಬೆ ಏರಿದ ಮೇಲೆ ಅವನು ವಾಡಿಕೆಯಂತೆ ವಾಲ್ವಿನ ಸರಪಳಿ ಜಗ್ಗಿದ. ಓಣಿಗೆಲ್ಲ ಕೇಳುವಂತೆ ಸೀಟಿ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಗೇಜಿನ ಮುಳ್ಳು ಏರುತ್ತಲೇ ಇತ್ತು. ಸಲಿಕೆ ತಗೊಂಡು ಒಳಗಿನ ಬೆಂಕಿಯನ್ನೆಲ್ಲ ಒಬ್ಬನೇ ಎಳೆದು ಹಾಕಿದ್ದ. ಎಡಗೈ ಮೊಣಕೈವರೆಗೆ ಕೆಂಪಾಗಿತ್ತು.

ಮಾಲೀಕರು ಫೋನನ್ನು ನನ್ನ ಮುಖಕ್ಕೆ ಹಿಡಿದರು. “ಚಾಲೂ ಮಾಡ್ರಿ ಅಂತ ನೀವ ಬರ್ದೀರಿ. ಟಾಕಿ ತುಂಬ ನೆಲ್ಲು ನೆನಸೀನಿ, ಸಂಜೀತನ ಬಿಟ್ರ ವಾಸನಿ ಹೊಡಿತೈತಿ. ಯಾರು ಬರ್ದಾರ ಹೇಳ್ರಿ ಮದಲ.”

“ನನ್ನ ಹೆಸರೈತ್ರಿ,” ಅಂದೆ.

“ಹೆಸರು ನನಗೂ ಗೊತ್ತೈತ್ರಿ. ನೀವು ಬರ್ದೀರೋ ಇಲ್ಲೋ?”

ಫೋನಿನಲ್ಲಿ ಪಟ್ಟಿಯನ್ನು ಮತ್ತೆ ತೆರೆದೆ. ಅಲ್ಲಿ ಹೆಸರು ಮಾತ್ರ ಇತ್ತು. ಆಪರೇಟರ್ ಕೈಗೆ ನೀರು ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ.

ಮಧ್ಯಾಹ್ನ ಕಾಕಾ ಬಂದು ವಾಲ್ವ್ ಹಾಕಿದರು. ಮತ್ತೆ ಬೆಂಕಿ ಹಾಕಿ, ಹಬೆ ಏರಿಸಿ ಸರಪಳಿ ಜಗ್ಗಿದಾಗ ಸೀಟಿ ಹೊಡೆಯಿತು; ನಾನು ಕಿವಿ ಮುಚ್ಚಿಕೊಂಡು ಕೂತುಬಿಟ್ಟೆ. “ಏಳ್ರಿ ಸರ,” ಎಂದರು ಕಾಕಾ, “ಇದಕ್ಕ ಮುಗೀತು ಅಂತಾರ.”

ಕಚೇರಿಯಲ್ಲಿ ನಮ್ಮ ಸಾಹೇಬರು, “ಸಿಂಕ್ ತಪ್ಪು ಅಂತ ಬರ್ದು ಬಿಡ್ರಿ, ಯಾರು ಕೇಳ್ತಾರ?” ಎಂದರು. ಬರೆಯಲಾಗಲಿಲ್ಲ. ವರದಿಯಲ್ಲಿ ಕಾರಣ ಎಂಬುದರ ಮುಂದೆ ‘ಗೊತ್ತಿಲ್ಲ’ ಎಂದು ಬರೆದೆ. ಮಾಲೀಕರಿಗೆ ತಾನಾಗಿ ಹೋಗುವ ಮೆಸೇಜು ನಿಲ್ಲಿಸಿದೆ. ಸಿಂಕಿಗೆ ಬೇರೆಯೇ ಲಾಗಿನ್ ಮಾಡಿಕೊಟ್ಟೆ. ಇನ್ನು ಅದು ಮಾಡಿದ್ದು ಅದರ ಹೆಸರಿನಲ್ಲಿ, ನಾನು ಮಾಡಿದ್ದು ನನ್ನ ಹೆಸರಿನಲ್ಲಿ. ಕೆಲವು ದಿನ ಚೆನ್ನಾಗಿ ನಿದ್ದೆ ಬಂತು.

ಆಮೇಲೊಂದು ಬೆಳಿಗ್ಗೆ ಪಟ್ಟಿ ತೆರೆದರೆ ಕುಷ್ಟಗಿಯ ಒಂದು ಎಣ್ಣೆ ಗಾಣದ ಕಂಪ್ಲೇಂಟು ಮುಗಿದಿತ್ತು. ಮುಗಿಸಿದವರು: ನನ್ನ ಹೆಸರು. ನಾನು ಅದನ್ನು ಮುಟ್ಟಿದ ನೆನಪೇ ಇಲ್ಲ. ಕಾಕಾಗೆ ಫೋನ್ ಮಾಡಿದೆ.

“ನಿನ್ನಿ ನಾನ ಮಾಡಿ ಬಂದೀನಲ್ರಿ. ನಿಮಗ ಫೋನ್ ಮಾಡಿ ಹೇಳೀನಿ. ‘ಮುಗಿಸಿದೆ ನೋಡ್ರಿ ಕಾಕಾ’ ಅಂದ್ರಿ. ಮರ್ತ್ರೇನು? ಬ್ರಾಹ್ಮಿ ಎಲಿ ತಿನ್ರಿ ಸರ.”

ಫೋನಿನಲ್ಲಿ ನೋಡಿದೆ. ಕರೆ ಇತ್ತು, ನಾಲ್ಕು ನಿಮಿಷದ್ದು. ಅದರ ಒಂದು ಮಾತೂ ನನ್ನೊಳಗೆ ಇರಲಿಲ್ಲ.

ಆಮೇಲೆ ಕಾರಟಗಿಯ ಆಪರೇಟರನ ನಂಬರು ಹುಡುಕಿ ಫೋನ್ ಹಚ್ಚಿದೆ. ಕೈ ಹೇಗಿದೆ ಎಂದು ಕೇಳಿದೆ. ವಾಸಿಯಾಗಿದೆ ಎಂದ.

“ಅವತ್ತು ಮುಗಿದೈತಿ ಅಂತ ಬರ್ದವ ನಾನ ಇರಬೇಕು,” ಅಂದೆ.

ಆ ಕಡೆ ಮಿಲ್ಲಿನ ಸದ್ದು.

“ಇರಬೇಕೇನ್ರಿ, ಸರ?” ಎಂದ.