ಎರಡು ಕವರ್, ಹೆಸರು ಒಂದೇ

ಉದ್ಯಮಬಾಗದ ಆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ನಾನೊಬ್ಬಳೇ. ಡಿಪ್ಲೊಮಾ ಮುಗಿಸಿ ಖಾನಾಪುರದಿಂದ ದಿನಾ ರೈಲಿನಲ್ಲಿ ಓಡಾಡುತ್ತಿದ್ದೆ. ಪಂಪಿನ ಬಿಡಿಭಾಗ ಮಾಡುವ ಸಿಎನ್‌ಸಿ ಲೇಥಿಗೆ, ಅಂದರೆ ಬರೆದುಕೊಟ್ಟಂತೆ ತಾನೇ ಲೋಹ ಕಡೆಯುವ ಯಂತ್ರಕ್ಕೆ, ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಲೇಥ್ ನಡೆಸುತ್ತಿದ್ದವರು ವಡಗಾವಿಯ ಹಿರಿಯರೊಬ್ಬರು, ಮಗ್ಗ ಬಿಟ್ಟು ಕಬ್ಬಿಣಕ್ಕೆ ಬಂದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಪ್ರೋಗ್ರಾಂ ಬರೆಯಲು ನಾನು ಬಳಸುತ್ತಿದ್ದ ಎಡಿಟರ್ ತಂತ್ರಾಂಶ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸೀಡಿಯದು. ಎಷ್ಟು ಫೈಲು ತೆರೆದಿಟ್ಟರೂ ತಾಳಿಕೊಳ್ಳುತ್ತಿತ್ತು. ಪ್ರತಿ ಗಿರಾಕಿಗೂ ಒಂದು ಫೋಲ್ಡರ್ ಮಾಡಿದ್ದೆ, ಪ್ರತಿ ಫೋಲ್ಡರಿನಲ್ಲೂ ಪಂಪಿನ ಮುಚ್ಚಳದ್ದು, ಕವರ್ ಎಂಬ ಫೈಲು ಇತ್ತು. ಪುಣೆಯವರದನ್ನೂ ಹುಬ್ಬಳ್ಳಿಯವರದನ್ನೂ ಒಟ್ಟಿಗೆ ತೆರೆದರೆ ಎಡಿಟರ್ ಪರದೆಯ ಮೇಲೆ ಎರಡನೆಯದರ ಹೆಸರಿನ ಕೊನೆಗೆ ೨ ಸೇರಿಸುತ್ತಿತ್ತು. ನಾನು ಯಾವಾಗಲೂ ಪುಣೆಯದನ್ನೇ ಮೊದಲು ತೆರೆಯುತ್ತಿದ್ದುದರಿಂದ ೨ ಎಂದರೆ ಹುಬ್ಬಳ್ಳಿ ಎಂದು ರೂಢಿಯಾಗಿಬಿಟ್ಟಿತ್ತು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಫೈಲುಗಳನ್ನು ಮತ್ತೆ ತೆರೆದು, ಹುಬ್ಬಳ್ಳಿಯವರ ಕೆಲಸಕ್ಕೆಂದು ಕವರ್ ೨ ಅನ್ನು ಲೇಥಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಕಾಕಾ ಕೈ ಒರೆಸಿಕೊಳ್ಳುತ್ತಾ ಬಂದರು.

“ತಂಗಿ, ಇದು ಹುಬ್ಬಳ್ಳಿ ಕವರ್ ಅಲ್ಲ.”

“ಅದ ಐತಿ ಕಾಕಾ. ನೋಡೇ ಕಳಿಸೇನಿ.”

“ಕಬ್ಬಿಣದ ತುಂಡು ಹಚ್ಚದ ಬರೇ ಗಾಳ್ಯಾಗ ಓಡಿಸಿ ನೋಡಿದೆ. ಟೂಲ್ ಎರಡು ಬೊಟ್ಟು ಜಾಸ್ತಿ ಒಳಗ ಹೊಂಟಿತ್ತು. ಬಂದ್ ಮಾಡೇನಿ.”

ನನಗೆ ಸಿಟ್ಟು ಬಂತು. ತೋರಿಸಿಯೇ ಬಿಡುತ್ತೇನೆಂದು, ಯಾವ ಫೋಲ್ಡರಿನದೆಂದು ಹೇಳುವ ಫೈಲಿನ ಪೂರ್ತಿ ವಿಳಾಸ ತೆಗೆದೆ. ಕವರ್ ೨ ಪುಣೆಯದಾಗಿತ್ತು. ಅವಸರದಲ್ಲಿ ಹುಬ್ಬಳ್ಳಿಯದನ್ನು ಮೊದಲು ತೆರೆದಿದ್ದೆ. ಆ ೨ ಫೈಲಿಗೆ ಅಂಟಿದ ಗುರುತಲ್ಲ, ನಾನು ತೆರೆದ ಸರದಿ ಮಾತ್ರ.

“ತಪ್ಪು ನಂದ ಕಾಕಾ.”

“ಇರ್ಲಿ. ಟೂಲ್ ಉಳೀತು. ಖರೇದ್ದು ಕಳಸು.”

ಮಾಲಕರಿಗೆ ನಾನೇ ಹೋಗಿ ಹೇಳಿದೆ. ಅವರು ಗದರಲಿಲ್ಲ. “ಹಂಗಾರ ಒಂದ್ ಟೈಮಿಗೆ ಒಂದ ಫೈಲ್ ತೆರೀರಿ. ಇಲ್ಲಾ ಹೆಸರರ ಬದಲ್ ಮಾಡ್ರಿ.”

“ಎರಡೂ ಫೈಲ್ ಬಾಜುಬಾಜುಕ ಇಟ್ಟು ನೋಡಿ ಬರೀಬೇಕಾಗ್ತದರಿ ಸರ್. ಹೆಸರು ಗಿರಾಕಿ ಡ್ರಾಯಿಂಗಿನ್ಯಾಗ ಇದ್ದದ್ದು, ಬದಲ್ ಮಾಡಿದ್ರ ನಾಳೆ ಹುಡುಕೂದ ಕಷ್ಟ. ಒಂದು ದಿನ ಬಿಡ್ರಿ, ಸರಿ ಮಾಡ್ತೇನಿ.”

ಹೇಗೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಆದರೆ ಇಷ್ಟು ದೊಡ್ಡ ಎಡಿಟರ್ ಬರೆದವರಿಗೆ ಈ ತಾಪತ್ರಯ ಬಂದೇ ಇರಬೇಕೆಂದು ನಂಬಿಕೆಯಿತ್ತು. ಅದರ ಸಹಾಯದ ಪುಟಗಳನ್ನು ಮುದ್ರಿಸಿಕೊಂಡು ಸಂಜೆ ರೈಲಿನಲ್ಲಿ ಓದುತ್ತಾ ಹೋದೆ. ದೇಸೂರು ಸ್ಟೇಷನ್ ದಾಟಿದ ಮೇಲೆ ಸಿಕ್ಕಿತು: ಹೆಸರು ಒಂದೇ ಆದಾಗ ಅಂಕಿಯ ಬದಲು ಫೋಲ್ಡರಿನ ಹೆಸರು ಸೇರಿಸುವ ವ್ಯವಸ್ಥೆ.

ಮರುದಿನ ಎಡಿಟರಿನ ಸೆಟ್ಟಿಂಗ್ ಫೈಲಿಗೆ ಎರಡು ಸಾಲು ಬರೆದು ಕಾಕಾರನ್ನು ಕರೆದೆ. ಈಗ ಪರದೆಯ ಮೇಲೆ ಪುಣೆ/ಕವರ್, ಹುಬ್ಬಳ್ಳಿ/ಕವರ್ ಎಂದಿತ್ತು. ತಿರುಗುಮುರುಗಾಗಿ ತೆರೆದರೂ ಹಾಗೇ ಇತ್ತು. ಕಾಕಾ ಅಷ್ಟಕ್ಕೆ ಒಪ್ಪಲಿಲ್ಲ.

“ಇಬ್ಬರ ಫೋಲ್ಡರಿನ್ಯಾಗೂ ಹಳೇದು ಅಂತ ಇನ್ನೊಂದು ಫೋಲ್ಡರ್ ಐತೆಲ್ಲ? ಅದರಾಗಿನ ಕವರ್ ಎರಡೂ ತೆರಿ ನೋಡೂಣು.”

ಅದನ್ನು ನಾನು ಯೋಚಿಸಿರಲಿಲ್ಲ. ತೆರೆದೆ. ಎಡಿಟರ್ ಇನ್ನೊಂದು ಮೆಟ್ಟಿಲು ಮೇಲೆ ಹೋಗಿ ಪುಣೆ/ಹಳೇದು/ಕವರ್, ಹುಬ್ಬಳ್ಳಿ/ಹಳೇದು/ಕವರ್ ಎಂದು ತೋರಿಸಿತು. ಒಂದನ್ನು ಮುಚ್ಚಿದಾಗ ಇನ್ನೊಂದರ ಹೆಸರು ತಾನಾಗಿ ಚಿಕ್ಕದಾಯಿತು.

“ಶಾಣ್ಯಾ ಐತಿ ಇದು,” ಎಂದು ಕಾಕಾ ಕುರ್ಚಿ ಎಳೆದುಕೊಂಡು ಕೂತರು. ಮರುವರ್ಷ ಎರಡನೇ ಕಂಪ್ಯೂಟರ್ ಬಂದಾಗ, ಮಾಲಕರು ಹೇಳುವ ಮೊದಲೇ ಆ ಎರಡು ಸಾಲನ್ನು ಅದಕ್ಕೂ ಬರೆದಿದ್ದೆ.