ಮೂರು ನಿಮಿಷ ಆಯಿತು, ಮುಂದುವರಿಸಬೇಕಾ?

ನನ್ನ ಗಂಟಲಿಗೆ ಏನೋ ಆಗಿದೆ ಎಂಬುದು ನನಗಿಂತ ಮೊದಲು ಊರಿಗೆ ಗೊತ್ತಾಯಿತು.

ಹೊಸದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್. ಬೋರ್ಡಿನ ಮೇಲೆ ಒಂದು ಪುಟ್ಟ ಮುಚ್ಚಳ ಟಪ್ಪೆಂದು ಬಿದ್ದರೆ ಆ ಮನೆಯವರೋ ಅಂಗಡಿಯವರೋ ಕರೆಯುತ್ತಿದ್ದಾರೆ ಎಂದರ್ಥ. ಪ್ಲಗ್ ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ನಂಬರು ಯಾವ ಪುಣ್ಯಾತ್ಮನೂ ಹೇಳುವುದಿಲ್ಲ. ಡೈರೆಕ್ಟರಿ ಎಂಬ ಪುಸ್ತಕ ಇದೆ, ಅದನ್ನು ಬಿಡಿಸಿ ನೋಡಿದವರನ್ನು ನಾನು ಕಂಡಿಲ್ಲ. "ಹೊಸ ಹೆಂಚಿನ ಮನೆಯೋರನ್ನ ಕೊಡವ್ವ." "ಹಲ್ಲು ಕೀಳೋ ಡಾಕ್ಟ್ರು ಬಂದಾರಾ ನೋಡು." "ಅಕ್ಕಾ, ಹೊಳಲ್ಕೆರೆ ಬಸ್ಸು ಹೋತಾ?" "ಹಿರಿಯೂರಾಗೆ ಮಳೆ ಐತಾ ಕೇಳಿ ಹೇಳ್ರಿ, ಈರುಳ್ಳಿ ಬಯಲಾಗೈತೆ." ನಾನು ಹಿರಿಯೂರಿನ ಆಪರೇಟರನ್ನು ಕೇಳುತ್ತಿದ್ದೆ, ಆಕೆ ಕಿಟಕಿಯಿಂದ ಇಣುಕಿ ಹೇಳುತ್ತಿದ್ದಳು, ನಾನು ಇವರಿಗೆ ಹೇಳುತ್ತಿದ್ದೆ. ಊರಿಗೆ ಏನು ತಿಳಿಯಬೇಕಿದ್ದರೂ ನನ್ನ ಬಾಯಿಯ ದಾರಿಯಲ್ಲೇ ಹೋಗಬೇಕು. ನನಗೂ ಅದರ ಜಂಬ ಸ್ವಲ್ಪ ಇತ್ತು. ಇರಬಾರದೇನು?

ಒಂದು ದಿನ ಕೊಬ್ಬರಿ ಮಂಡಿಯ ಸಾಹುಕಾರರು ಕೇಳಿದರು. "ಯಾಕವ್ವ ಗೌರಮ್ಮ, ನೆಗಡಿ ಆಗೈತಾ?"

ನೆಗಡಿ ಆಗಿರಲಿಲ್ಲ.

ಆಮೇಲೆ ಎಲ್ಲರೂ ಕೇಳತೊಡಗಿದರು. ಲೈನಿಗೊಬ್ಬ ವೈದ್ಯ. ಒಬ್ಬರು ಶುಂಠಿ ಎಂದರು, ಒಬ್ಬರು ಜ್ಯೇಷ್ಠಮಧು ಎಂದರು, ಇನ್ನೊಬ್ಬರು ಮಾತು ಕಡಿಮೆ ಮಾಡು ಎಂದರು. ಆಪರೇಟರಿಗೆ ಹೇಳುವ ಮಾತೇ ಇದು! ಆಪರೇಟರು ಮಾತನಾಡುವ ಮೈಕು ಎದೆಯ ಮೇಲೆ ಕೂರುತ್ತದೆ, ಅದರ ಪಟ್ಟಿ ಕತ್ತಿನ ಸುತ್ತ ಬರುತ್ತದೆ. ಒಂದು ದಿನ ಪಟ್ಟಿ ಒಂದು ಕಡೆ ಒತ್ತುತ್ತಿತ್ತು. ಸರಿಸಿದೆ, ಆದರೂ ಒತ್ತಿತು. ಮುಟ್ಟಿ ನೋಡಿಕೊಂಡೆ. ಅಡಿಕೆಯಷ್ಟು ಗಂಟು. ನುಂಗಿದರೆ ಮೇಲೆ ಕೆಳಗೆ ಓಡಾಡುತ್ತಿತ್ತು.

ಹೊಸದುರ್ಗದ ಡಾಕ್ಟರು ಚಿತ್ರದುರ್ಗಕ್ಕೆ ಕಳಿಸಿದರು, ದುರ್ಗದವರು ಬೆಂಗಳೂರಿಗೆ ಕಳಿಸಿದರು. ಜೊತೆಗೆ ಬಂದವನು ಅಣ್ಣ ರುದ್ರಪ್ಪ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ಅವನು, ನಾನು, ಮೂರೇ ಜನ. ಅವನು ಅದೇ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಒಳ್ಳೆಯವನು, ಆದರೆ ಹೆದರುಪುಕ್ಕಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎಷ್ಟೊಂದು ಕಿಟಕಿಗಳು! ಈ ಕಿಟಕಿಯಲ್ಲಿ ಕೇಳಿದರೆ ಆ ಕಿಟಕಿ, ಆ ಕಿಟಕಿಯಲ್ಲಿ ಕೇಳಿದರೆ ಊಟದ ಹೊತ್ತು. ಪ್ರಶ್ನೆ ಮುಗಿಯುವ ಮೊದಲೇ "ಇಲ್ಲಲ್ಲ, ಅಲ್ಲಿ" ಎಂದು ಬೆರಳು ತೋರಿಸುತ್ತಾರೆ. ನಮ್ಮ ಬೋರ್ಡಿನಲ್ಲಿ ನಾನು ಹಾಗೆ ಮಾಡಿದ್ದರೆ ಹೊಸದುರ್ಗದವರು ಎಕ್ಸ್‌ಚೇಂಜಿಗೇ ಬಂದು ಜಗಳಕ್ಕೆ ನಿಲ್ಲುತ್ತಿದ್ದರು. ಬಯಾಪ್ಸಿ ಮಾಡಿದರು. ಮಾಡಿದ ಡಾಕ್ಟರು ನನ್ನ ಕತ್ತು ಹಿಡಿದುಕೊಂಡೇ ಅಣ್ಣನ ಜೊತೆ ಮಾತನಾಡಿದರು. "ರಿಪೋರ್ಟ್ ಬರೋಕೆ ಸಮಯ ಬೇಕು, ಊರಿಗೆ ಹೋಗಿರಿ" ಎಂದರು, ಅವನಿಗೆ. "ಏನಿರಬಹುದು ಡಾಕ್ಟ್ರೇ?" ಎಂದೆ ನಾನು. "ಎಲ್ಲಾ ನಿಮ್ಮಣ್ಣನಿಗೆ ಹೇಳಿದೀನಮ್ಮ" ಎಂದರು. ಗಂಟಲು ಅಣ್ಣನದೇನೋ ಎಂಬಂತೆ.

ಹೊರಗೆ ಬಂದು ಕೇಳಿದರೆ ಅಣ್ಣ, "ಏನಿಲ್ಲ, ಬರೀ ಗಂಟಂತೆ" ಎಂದ.

ಊರಿಗೆ ಬಂದು ಕೆಲಸಕ್ಕೆ ಹೋದೆ. ಮಧ್ಯಾಹ್ನಕ್ಕೆ ನನ್ನ ಪಾಳಿ ಮುಗಿಯುತ್ತದೆ, ಆಮೇಲೆ ಸರೋಜಾ ಬರುತ್ತಾಳೆ. ಕೆಲವು ದಿನ ಕಳೆದ ಮೇಲೆ ಒಮ್ಮೆ ಅವಳ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಬೋರ್ಡು ಬಿಟ್ಟು ಏಳುವಂತಿಲ್ಲ, ಕೂತೇ ಇದ್ದೆ. ಆಗ ದುರ್ಗದಿಂದ ಶಾಂತಾ ಲೈನಿಗೆ ಬಂದಳು. ದುರ್ಗದ ಬೋರ್ಡಿನ ಶಾಂತಾಳನ್ನು ನಾನು ಕಣ್ಣಾರೆ ಕಂಡವಳಲ್ಲ. ವರ್ಷಗಟ್ಟಲೆ ತಂತಿಯ ಮೇಲೇ ಗೆಳೆತನ. ಅವಳ ಮಗುವಿಗೆ ಹಲ್ಲು ಬಂದದ್ದೂ ನನಗೆ ಗೊತ್ತು.

"ಗೌರೀ, ನಿಮ್ಮ ಬೆಂಗಳೂರು ಟ್ರಂಕ್ ಕಾಲ್ ಬಂತು ನೋಡು. ಮಂಡಿಗೆ ಕೊಡು."

"ಯಾವುದೇ?"

"ನಿನ್ನೆ ಸರೋಜಾ ಬುಕ್ ಮಾಡಿದ್ದು. ಈ ಹೊತ್ತಿಗೇ ಬೇಕು ಅಂದಿದ್ದರಂತೆ. ಆಸ್ಪತ್ರೆ ಡಾಕ್ಟ್ರು ಲೈನಿನಾಗೇ ಅದಾರೆ."

ತಿಳಿಯಿತು. ನಾನು ಮನೆಗೆ ಹೋಗಿರುವ ಹೊತ್ತು ನೋಡಿಯೇ ಅಣ್ಣ ಕಾಲ್ ಹಾಕಿಸಿದ್ದ. ಸರೋಜಾಳಿಗೆ ಬಾಯಿ ಬಿಡಬೇಡ ಎಂದಿದ್ದ.

ಮಂಡಿಯ ಪ್ಲಗ್ ಚುಚ್ಚಿ ಗಂಟೆ ಬಾರಿಸಿದೆ. ಅಣ್ಣನೇ ಎತ್ತಿದ. ನಾನು ಬಾಯಿ ಬಿಡಲಿಲ್ಲ. "ಬೆಂಗಳೂರು ಲೈನಿನಾಗೆ ಅದಾರೆ, ಮಾತಾಡ್ರಿ" ಎಂದು ಶಾಂತಾಳೇ ಹೇಳಿ ಹೋದಳು. ಕರೆ ಸೇರಿದ ಮೇಲೆ ಆಪರೇಟರು ಕೇಳುವ ಕೀ ಮುಚ್ಚಬೇಕು. ಅದು ನಿಯಮ. ನಾನು ಮುಚ್ಚಲಿಲ್ಲ. ನಿಯಮದ ಮನೆ ಹಾಳಾಗ!

"ರಿಪೋರ್ಟ್ ಬಂದಿದೆ ರುದ್ರಪ್ಪನವರೇ. ಕ್ಯಾನ್ಸರೇ. ಥೈರಾಯಿಡ್ ಪೂರ್ತಿ ತೆಗೀಬೇಕು. ತಡ ಮಾಡಬೇಡಿ."

ಕ್ಯಾನ್ಸರ್.

ಅಣ್ಣ ಏನಂದ್ರಿ ಸಾರ್ ಎಂದು ಮೂರು ಸಲ ಕೇಳಿದ, ಡಾಕ್ಟರು ಮೂರು ಸಲ ಹೇಳಿದರು. ಆಮೇಲೆ ಅವನು ದನಿ ತಗ್ಗಿಸಿದ. "ಸಾರ್, ಅವಳಿಗೆ ಹೇಳಬ್ಯಾಡ್ರಿ. ಬರೀ ಗಂಟು ಅಂತ ಹೇಳಿ ಕರ್ಕಂಡು ಬತ್ತೀನಿ. ತಿಳಿದ್ರೆ ಅವಳು ಎದೆ ಒಡ್ಕಂತಾಳೆ ಸಾರ್. ಗಂಡಿನ ಕಡೆಯೋರು ಬೇರೆ ಬಂದು ನೋಡ್ಕಂಡು ಹೋಗ್ಯಾರೆ. ಊರಾಗೆ ತಿಳಿಬಾರ್ದು."

"ಅದು ನಿಮ್ಮ ಮನೆ ವಿಚಾರ. ನಾವಂತೂ ಪೇಷಂಟ್‌ಗೆ ಹೇಳಲ್ಲ."

ಗಡಿಯಾರ ನೋಡಿದೆ. ಪರಊರಿನ ಟ್ರಂಕ್ ಕಾಲಿಗೆ ಒಂದು ಸಲಕ್ಕೆ ಮೂರು ನಿಮಿಷ. ಅದು ತುಂಬಿದ ಕೂಡಲೇ ಆಪರೇಟರು ನಡುವೆ ಬಂದು ಕೇಳಲೇಬೇಕು. ಸರೋಜಾ ಇನ್ನೂ ಬಂದಿರಲಿಲ್ಲ. ಕೇಳುವವಳು ನಾನೊಬ್ಬಳೇ.

"ಮೂರು ನಿಮಿಷ ಆಯಿತು. ಮುಂದುವರಿಸಬೇಕಾ?"

ನನ್ನ ಒಡೆದ ದನಿ ಅಣ್ಣನಿಗೆ ಗೊತ್ತಾಗದೆ ಇರುತ್ತದೆಯೇ? ಅವನು ಉಸಿರು ಒಳಗೆಳೆದುಕೊಂಡದ್ದು ನನಗೆ ಕೇಳಿಸಿತು. ಡಾಕ್ಟರಿಗೆ ಏನು ಗೊತ್ತು, ಪಾಪ. "ಹೂಂ, ಮುಂದುವರಿಸಮ್ಮ" ಎಂದರು.

ಮುಂದುವರಿಸಿದೆ.

"ಸಾಕು ಸಾರ್, ನಾನೇ ಅಲ್ಲಿಗೆ ಬತ್ತೀನಿ, ಇಡ್ರಿ ಸಾರ್" ಎಂದ ಅಣ್ಣ.

"ಇರಿ, ಮುಖ್ಯವಾದ್ದೇ ಇನ್ನೂ ಹೇಳಿಲ್ಲ. ಗಂಟು ಧ್ವನಿಯ ನರ್ವ್‌ಗೆ ಅಂಟಿಕೊಂಡಿರೋ ಹಾಗಿದೆ. ಅದನ್ನೂ ಕತ್ತರಿಸಬೇಕಾಗಬಹುದು. ಆಗ ಧ್ವನಿ ಹೋಗುತ್ತೆ. ಅವರೇನು ಕೆಲಸ ಮಾಡ್ತಾರೆ ಅಂದ್ರಿ?"

ಆ ಪ್ರಶ್ನೆಗೆ ನಾನು ಉತ್ತರ ಕೊಡುವಂತಿರಲಿಲ್ಲ. ಅಣ್ಣನೇ ಹೇಳಿದ. "ಟೆಲಿಫೋನ್ ಆಪರೇಟರ್, ಸಾರ್."

"ಅಯ್ಯೋ" ಎಂದರು ಡಾಕ್ಟರು.

ಮನೆಯಲ್ಲಿ ಅವತ್ತು ನಾನೂ ಅಣ್ಣನೂ ಮುಖ ನೋಡಿಕೊಳ್ಳಲಿಲ್ಲ. ಅವನು ತಟ್ಟೆಯಲ್ಲಿ ಮುದ್ದೆ ಮುರಿದು ಹಾಗೇ ಇಟ್ಟ. ಅವ್ವ ಮಾತ್ರ ಗೆಲುವಾಗಿದ್ದಳು. ಊರಮ್ಮನ ಗುಡಿಗೆ ಹೋಗಿ ಹೂವಿನ ಅಪ್ಪಣೆ ಕೇಳಿಕೊಂಡು ಬಂದಿದ್ದಳು. "ಬಲಗಡೆ ಹೂ ಕೊಟ್ಟೈತೆ ಕಣೇ, ಒಳ್ಳೇದಾಗ್ತೈತೆ!"

"ಏನಂತ ಕೇಳ್ದವ್ವ?"

"ಮನಸಿನಾಗೆ ಕೇಳ್ಕಂಡಿದ್ದು ಬಾಯ್ಬಿಡಬಾರ್ದು."

ಸಿಟ್ಟು ನೆತ್ತಿಗೇರಿತು. ಡಾಕ್ಟರಿಗೆ ಗೊತ್ತು, ಅಣ್ಣನಿಗೆ ಗೊತ್ತು, ದೇವಿಗೂ ಗೊತ್ತು, ನನ್ನನ್ನು ಬಿಟ್ಟು ಎಲ್ಲರಿಗೂ ಕೇಳಿದರೆ ಉತ್ತರ ಸಿಗುತ್ತದೆ, ನಾನೊಬ್ಬಳು ಕದ್ದು ಕೇಳಬೇಕು. ಆಪರೇಷನ್ನೇ ಬೇಡ, ದನಿ ಇಟ್ಟುಕೊಂಡೇ ಸಾಯುತ್ತೇನೆ ಅನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ. ಧೈರ್ಯದಿಂದಲ್ಲ, ಸಾವಿನ ಹೆದರಿಕೆಯಿಂದ. ಹೆದರಿಕೆ ಬಂದ ಮೇಲೆ ದೊಡ್ಡ ಮಾತೆಲ್ಲ ಗಾಳಿಗೆ ಹೋಗುತ್ತದೆ. "ಯಾವತ್ತು ಹೋಗಾಣ?" ಎಂದು ಅಣ್ಣನನ್ನು ಕೇಳಿದೆ. ಅವನು ಎದ್ದು ಹಿತ್ತಿಲಿಗೆ ಹೋದ.

ಆಪರೇಷನ್ ಆಯಿತು. ಎಚ್ಚರವಾದಾಗ ಗಂಟಲಲ್ಲಿ ಕೆಂಡ. ನೀರು ಎನ್ನಲು ಹೋದೆ, ಗಾಳಿ ಬಂತು, ದನಿ ಬರಲಿಲ್ಲ. ನರ್ಸು, "ಮಾತಾಡಬೇಡಿ, ಸ್ಟಿಚ್ ಇದೆ" ಎಂದಳು. ದನಿ ಬರುತ್ತದೆಯೇ ಎಂದು ಕೈಸನ್ನೆಯಲ್ಲಿ ಕೇಳಿದೆ. "ಡಾಕ್ಟ್ರನ್ನ ಕೇಳಿ" ಎಂದಳು. ಡಾಕ್ಟರು ರೌಂಡಿಗೆ ಬಂದು ಬ್ಯಾಂಡೇಜು ನೋಡಿ, ಅಣ್ಣನನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ಅಣ್ಣ ವಾಪಸು ಬಂದು, "ನಿಧಾನಕ್ಕೆ ಬತ್ತದಂತೆ" ಎಂದ. ನಂಬಿದೆ. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ.

ನಿಧಾನಕ್ಕೆ ಬಂದದ್ದು ಒಂದು ಬುಸುಗುಟ್ಟುವ ದನಿ. ಹತ್ತಿರ ಬಂದರೆ ಕೇಳುತ್ತದೆ, ಮಾರು ದೂರ ಸರಿದರೆ ಇಲ್ಲ. ಅದನ್ನೇ ಹಿಡಿದುಕೊಂಡು ಕೆಲಸಕ್ಕೆ ಹೋದೆ. ಮುಚ್ಚಳ ಬಿತ್ತು, "ನಂಬರ್ ಪ್ಲೀಸ್" ಎಂದೆ.

"ಯಾರಲೇ ಅದು ಲೈನಿನಾಗೆ ಬುಸುಗುಟ್ಟಾದು? ಗೌರಮ್ಮನ್ನ ಕರಿ!"

ಮಂಡಿಯ ಸಾಹುಕಾರರು. ನೆಗಡಿ ಎಂದು ಮೊದಲು ಗುರುತಿಸಿದ ಅದೇ ಕಿವಿ. ನಾನೇ ಗೌರಮ್ಮ ಎಂದೆ. "ಏನಂತೀಯೋ ತಿಳಿವಲ್ದು" ಎಂದು ಇಟ್ಟುಬಿಟ್ಟರು. ಹತ್ತು ಜನ ಹಾಗೇ ಇಟ್ಟರು. ಒಬ್ಬ ನಕ್ಕ. ಒಬ್ಬಳು ಹೆದರಿ ಚೀರಿದಳು. ಹೋಗಲಿ, ಇವರೆಲ್ಲ ಬೇಕಾದಾಗ ಮಾತ್ರ ಅಕ್ಕಾ ಎನ್ನುವವರು ಎಂದುಕೊಂಡು ದುರ್ಗಕ್ಕೆ ಪ್ಲಗ್ ಹಾಕಿದೆ. ಶಾಂತಾ ಬಂದಳು. ಆ ದನಿ ಕೇಳಿದ್ದೇ ನನಗೆ ಅಳು ಬಂತು. "ಶಾಂತಾ, ನಾನು ಕಣೇ" ಎಂದೆ.

"ಯಾರ್ರೀ ಅದು? ಬೋರ್ಡಿನಾಗೆ ಹೊರಗಿನೋರು ಮಾತಾಡಬಾರ್ದು. ಇಡ್ರಿ."

ಪ್ಲಗ್ ಕಿತ್ತಳು.

ಆಮೇಲೆ ಸರೋಜಾ ಅವಳಿಗೆ ಹೇಳಿದಳಂತೆ, ಶಾಂತಾ ಅತ್ತಳಂತೆ. ಅಳಲಿ. ವಾರ ಕಳೆಯುವಷ್ಟರಲ್ಲಿ ನನ್ನನ್ನು ಬೋರ್ಡಿನಿಂದ ಎಬ್ಬಿಸಿ ಹಿಂದಿನ ಕೋಣೆಯಲ್ಲಿ ಬಿಲ್ಲು ವಿಂಗಡಿಸಲು ಕೂರಿಸಿದರು. ಗಂಡಿನ ಕಡೆಯವರು, "ಹುಡುಗಿ ಮಾತಾಡಿದ್ರೆ ಹಾವು ನೆಪ್ಪಾಗುತ್ತೆ" ಎಂದರಂತೆ. ಬೋರ್ಡಿನ ಮುಚ್ಚಳಗಳು ಬೀಳುವ ಸದ್ದು ಆ ಕೋಣೆಗೂ ಕೇಳುತ್ತದೆ. ಮೊದಮೊದಲು ಪ್ರತಿ ಸಲವೂ ಕೈ ತಾನಾಗಿ ಏಳುತ್ತಿತ್ತು.

ಹೋದ ತಿಂಗಳು ಚೆಕಪ್ಪಿಗೆ ಬೆಂಗಳೂರಿಗೆ ಹೋದೆವು. ಡಾಕ್ಟರ ಕೋಣೆಯ ಮುಂದೆ ಅಣ್ಣ ಬೆಂಚಿನಿಂದ ಏಳಲಿಲ್ಲ. "ನೀನೇ ಹೋಗು ಗೌರಿ. ನಾನು ಇಲ್ಲೇ ಕುಂತಿರ್ತೀನಿ" ಎಂದ. ಯಾಕೆಂದು ಒಳಗೆ ಹೋದ ಮೇಲೆ ಗೊತ್ತಾಯಿತು.

"ನಿಮ್ಮಣ್ಣ ಎಲ್ಲಿ?" ಎಂದರು ಡಾಕ್ಟರು.

"ನನಗೇ ಹೇಳಿ" ಎಂದೆ. ಕೇಳಿಸಲು ಅವರು ಕುರ್ಚಿಯಿಂದ ಮುಂದೆ ಬಾಗಬೇಕಾಯಿತು.

ಕತ್ತು ಮುಟ್ಟಿ ನೋಡಿದರು. ಎಕ್ಸ್‌ರೇ ಫಿಲ್ಮು ಬೆಳಕಿಗೆ ಹಿಡಿದರು. "ಕಾಯಿಲೆ ಈಗ ಎಲ್ಲೂ ಕಾಣ್ತಿಲ್ಲ. ಮುಂದಿನದು ಹೇಳೋಕೆ ನನ್ನಿಂದ ಆಗಲ್ಲ. ಬರ್ತಾ ಇರಿ."

"ದನಿ?"

"ಅದು ಬರಲ್ಲಮ್ಮ. ಅವತ್ತೇ ನರ್ವ್ ಕತ್ತರಿಸಬೇಕಾಯ್ತು. ನಿಮ್ಮಣ್ಣ ಹೇಳಿಲ್ವಾ?"

ನಿಧಾನಕ್ಕೆ ಬರುತ್ತದಂತೆ! ಇಷ್ಟು ದಿನ ಬೆಳಿಗ್ಗೆ ಎದ್ದ ಕೂಡಲೇ ಹಿತ್ತಿಲಲ್ಲಿ ನಿಂತು ಅ ಆ ಎಂದು ಹೇಳಿ ನೋಡುತ್ತಿದ್ದೆ. ಅವನು ಅಲ್ಲೇ ಹಲ್ಲುಜ್ಜುತ್ತಾ ನೋಡುತ್ತಿದ್ದ.

ಬಸ್‌ಸ್ಟ್ಯಾಂಡಿನವರೆಗೂ ನಾನು ಅವನಿಗಿಂತ ಮುಂದೆ ಮುಂದೆ ನಡೆದೆ. ಅಲ್ಲಿ ಅವನೇ ಕೇಳಿದ. "ಏನಂದ್ರು?"

"ನಿನಗೆ ಗೊತ್ತಿತ್ತು" ಎಂದೆ.

"ಆಂ?"

"ನಿನಗೆ ಗೊತ್ತಿತ್ತು ಅಂದೆ."

ಹೈಕಳು ಕಡ್ಲೆಕಾಯಿ ಕೂಗುತ್ತಿದ್ದರು, ಕಂಡಕ್ಟರು ತುಮಕೂರು ಸಿರಾ ಹಿರಿಯೂರು ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಕತ್ತಿನ ನರ ಉಬ್ಬುವಂತೆ ಕೂಗಿದೆ, ಆಚೆಗೆ ಬಂದದ್ದು ಬರೀ ಉಸಿರು. ಮನುಷ್ಯರಿಗೆ ಸಿಟ್ಟು ಬಂದಾಗ ಬೈಯಲೂ ಆಗದಿದ್ದರೆ ಏನು ಬಾಳು? ಅಣ್ಣ ತಲೆ ಬಗ್ಗಿಸಿ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದ. "ಕೇಳ್ಸಾಕಿಲ್ಲ ಕಣವ್ವ. ಇನ್ನೊಂದು ಸಲ ಹೇಳು."

"ನಿನಗೆ ಗೊತ್ತಿತ್ತು."

"ಹೂಂ. ಗೊತ್ತಿತ್ತು" ಎಂದ.

ಬಸ್ಸು ಹತ್ತಿದೆವು. ಪಕ್ಕದಲ್ಲಿ ಕೂತು ಮತ್ತೆ ಕಿವಿ ಕೊಟ್ಟ. ಬೈದೆ. ಸುಳ್ಳುಗಾರ ಎಂದೆ, ಹೇಡಿ ಎಂದೆ, ಗುಮಾಸ್ತನ ಬುದ್ಧಿ ಎಂದೆ, ಕ್ಯಾನ್ಸರಿಗೆ ಬೈಯಬೇಕಾದ್ದನ್ನೂ ಅವನಿಗೇ ಬೈದೆ. ಬಸ್ಸಿನ ಸದ್ದಿನಲ್ಲಿ ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ. ತುಮಕೂರು ಹೋಯಿತು, ಸಿರಾ ಹೋಯಿತು. ಅವನ ಕತ್ತು ನೋಯುತ್ತಿತ್ತು, ಕಾಣುತ್ತಿತ್ತು. ಹಿರಿಯೂರು ಬರುವವರೆಗೂ ಅವನು ಕಿವಿ ತೆಗೆಯಲಿಲ್ಲ.