ಅರ್ಧ ಕೆಜಿ ಹೆಚ್ಚಿದ ಟಗರು

ಸಕಲ ತೂಕ ಅಳತೆಗಳ ಅಧಿಪತಿಗಳಾದ ಮಹಾಜನಗಳೇ, ಭರಮಸಾಗರದ ನಿಮ್ಮ ಸೇವಕನ ಗೋಳು ಕೇಳಿ!

ತೂಕದ ಯಂತ್ರದ ಸೂಚನೆಯನ್ನು ಇವತ್ತು ಸಂಜೆಯೊಳಗೆ ಕನ್ನಡಕ್ಕೆ ತಂದು ಅಂಗಡಿಯವರಿಗೆ ಕೊಡಬೇಕಿತ್ತು. "ಅರ್ಧ ಕೆಜಿವರೆಗೆ ವ್ಯತ್ಯಾಸವಿದ್ದರೆ ಎರಡೂ ತೂಕ ಸರಿಸುಮಾರು ಸಮವೆಂದು ತಿಳಿಯುವುದು" ಎಂದು ಬರೆದೆ. ಕುರಿ ಸಾಕುವ ಮಾವ ಒಪ್ಪಿದರೆ ಊರೇ ಒಪ್ಪಿದಂತೆ ಎಂದು ಅವರ ಟಗರನ್ನೇ ಎರಡು ಸಲ ತೂಗಿ ತೋರಿಸಿದೆ. ಮೊದಲು ಮೂವತ್ತು, ಆಮೇಲೆ ಮೂವತ್ತೂವರೆ.

"ಇದು ಹೆಂಗಲೇ ಸಮ? ನಿಂತಲ್ಲೇ ಮೇಯ್ತೇನು?"

"ಅಷ್ಟು ವ್ಯತ್ಯಾಸ ಒಪ್ಕೋಬಹುದು ಮಾವ."

"ನಾನ್ ಒಪ್ಪಲ್ಲ!" ಎಂದವರೇ ಟಗರಿನ ಬೆನ್ನು ಒತ್ತಿ ನೋಡಿದರು. "ಮೂವತ್ತರ ಹತ್ರ ಹತ್ರ ಐತೆ ಬಿಡು."

"ನಾನು ಬರ್ದಿರೋದೂ ಅದೇ ಅಲ್ವಾ!"

"ನಂದು ಕೈಯಂದಾಜು ಕಣಲೇ. ನಿಂದು ಮೋಸ."

ಅನುವಾದದಲ್ಲಿ ಎಳ್ಳಷ್ಟೂ ಮೋಸವಿಲ್ಲ, ಮಹಾಜನಗಳೇ. ಎರಡನೇ ಸಲ ತೂಗುವಾಗ ಯಂತ್ರದ ಮೇಲೆ ನನ್ನ ಹೆಬ್ಬೆರಳಿತ್ತು, ಅಷ್ಟೇ.